ಕೋಟೆ ಗುಬ್ಬಿಯಲ್ಲಿ, ಸೇನಾಪತಿ ಕ್ಯಾಲಿಫೋರ್ನಿಯಾದಲ್ಲಿ

1791ರ ಡಿಸೆಂಬರ್ 21ರಂದು ಮಾಗಡಿ ಸೀಮೆಯ ಸಾವನದುರ್ಗ ಇಂಗ್ಲಿಷರ ಕೈಗೆ ಬಿತ್ತು. ಮೂರು ದಿನ ಕಳೆದು ಕುಣಿಗಲ್ ಕಡೆಯ ಹುತ್ರಿದುರ್ಗವೂ ಬಿತ್ತು. ಅದೇ ವರ್ಷದ ಜೂನ್‌ನಲ್ಲಿ ಹುಲಿಯೂರುದುರ್ಗ ಹೆಚ್ಚು ಕಾದಾಡದೆ ಶರಣಾಗಿತ್ತು. ಈಗ ಭಾನುವಾರ ಬೆಳಿಗ್ಗೆ ಬೆಂಗಳೂರಿನ ಹುಡುಗರು ಬೈಕಿನಲ್ಲಿ ಬಂದು, ಬಂಡೆ ಹತ್ತಿ, ಫೋಟೊ ಹಿಡಿದು, ತಟ್ಟೆ ಇಡ್ಲಿ ತಿಂದು ವಾಪಸಾಗುವ ಬೆಟ್ಟಗಳು ಇವು. ಮೂರನೇ ಮೈಸೂರು ಯುದ್ಧದಲ್ಲಿ ಇವೇ ಇಂಗ್ಲಿಷರ ಸೇನಾಪತಿ ಲಾರ್ಡ್ ಕಾರ್ನ್‌ವಾಲಿಸನ ನಿದ್ದೆ ಕೆಡಿಸಿದ್ದವು. ಬೆಂಗಳೂರಿನಿಂದ ಶ್ರೀರಂಗಪಟ್ಟಣದ ಕಡೆ ಹೊರಟ ಅವನ ಅಕ್ಕಿ ಮೂಟೆ, ಮದ್ದುಗುಂಡು, ತೋಪು ಎಲ್ಲವೂ ಈ ಕೋಟೆಗಳ ಕಣ್ಣಳತೆಯಲ್ಲೇ ಸಾಗಬೇಕಿತ್ತು.

ಈ ಯುದ್ಧವನ್ನು ಗುಬ್ಬಿಯ ಮನೆಯೊಂದರ ಹಾಲಿನಲ್ಲಿ, ಆರಡಿಗೆ ನಾಲ್ಕಡಿ ಮೇಜಿನ ಮೇಲೆ, ಮತ್ತೆ ಹೂಡಬಹುದು. ಥರ್ಮಾಕೋಲಿನಲ್ಲಿ ಕೊರೆದ ಬೆಟ್ಟ, ಕಿರುಬೆರಳಿನ ಉಗುರಿಗಿಂತ ತುಸು ಎತ್ತರದ, ಬಣ್ಣ ಹಚ್ಚಿದ ಸಿಪಾಯಿಗಳು, ಅಳತೆ ಟೇಪು, ಒಂದು ಹಿಡಿ ದಾಳ. ಸಾಮಾನು ಇಷ್ಟೇ. ಆಡುವವರು ಮಾತ್ರ ಊರಲ್ಲೇ ಇರಬೇಕೆಂದಿಲ್ಲ. ತುಮಕೂರಿನ ಎಸ್‌ಐಟಿಯಲ್ಲೋ ಗುಬ್ಬಿಯ ಸಿಐಟಿಯಲ್ಲೋ ಒಂದೇ ಬೆಂಚಿನಲ್ಲಿ ಕೂತ ಗೆಳೆಯರು ಇವತ್ತು ಒಂದೇ ಊರಿನಲ್ಲಿ ಉಳಿದಿರುವುದು ಅಪರೂಪ. ಒಬ್ಬ ಪುಣೆ, ಒಬ್ಬ ಲಂಡನ್, ಒಬ್ಬ ಕ್ಯಾಲಿಫೋರ್ನಿಯಾ. ಗುಬ್ಬಿಯಲ್ಲಿ ಶನಿವಾರ ರಾತ್ರಿ ಎಂಟು ಗಂಟೆಯಾದಾಗ, ಬೇಸಿಗೆಯ ಲೆಕ್ಕದಲ್ಲಿ, ಲಂಡನ್ನಿನಲ್ಲಿ ಮಧ್ಯಾಹ್ನ ಮೂರೂವರೆ, ಕ್ಯಾಲಿಫೋರ್ನಿಯಾದಲ್ಲಿ ಬೆಳಗಿನ ಏಳೂವರೆ. ಒಬ್ಬನಿಗೆ ಊಟದ ಹೊತ್ತು, ಇನ್ನೊಬ್ಬನಿಗೆ ಕಾಫಿ ಹೊತ್ತು. ವಿಡಿಯೊ ಕಾಲ್ ತೆರೆದರೆ ಮೂವರಿಗೂ ಒಂದೇ ಮೇಜು.

ಐತಿಹಾಸಿಕ ಮಿನಿಯೇಚರ್ ವಾರ್‌ಗೇಮ್ ಎಂಬುದು ಈ ಹವ್ಯಾಸದ ಹೆಸರು. ಕಂಪ್ಯೂಟರ್ ಆಟವಲ್ಲ, ಕೈಯಲ್ಲಿ ಎತ್ತಿ ಇಡುವ ಗೊಂಬೆಗಳ ಆಟ. ‘ಟೈಮ್ ಮಷೀನ್’ ಬರೆದ ಎಚ್.ಜಿ. ವೆಲ್ಸ್ 1913ರಲ್ಲಿ ‘ಲಿಟಲ್ ವಾರ್ಸ್’ ಎಂಬ ಸಣ್ಣ ಪುಸ್ತಕದಲ್ಲಿ ಇದರ ನಿಯಮಗಳನ್ನು ಬರೆದ. ಸ್ಪ್ರಿಂಗ್ ಇದ್ದ ಆಟಿಕೆ ತೋಪಿನಿಂದ ಮರದ ಗುಂಡು ಹಾರಿಸಿ ಎದುರಾಳಿಯ ತವರದ ಸಿಪಾಯಿಗಳನ್ನು ಬೀಳಿಸುವುದು ಅವನ ಪದ್ಧತಿ. ಆಮೇಲಿನವರು ತೋಪು ಬಿಟ್ಟು ದಾಳ ಹಿಡಿದರು. 1962ರಲ್ಲಿ ಇಂಗ್ಲೆಂಡಿನ ಡೊನಾಲ್ಡ್ ಫೆದರ್‌ಸ್ಟೋನ್ ಬರೆದ ‘ವಾರ್ ಗೇಮ್ಸ್’ ಪುಸ್ತಕದಿಂದ ಹವ್ಯಾಸ ಮನೆಮನೆಗೆ ಹಬ್ಬಿತು. ಕಾಲಾಳು ಒಂದು ಸರದಿಗೆ ಇಷ್ಟು ಇಂಚು ನಡೆಯಬಹುದು, ಕುದುರೆ ಅದರ ಎರಡರಷ್ಟು. ಬಂದೂಕಿಗೆ ಇಷ್ಟು ದೂರ, ತೋಪಿಗೆ ಇಷ್ಟು. ಗುಂಡು ತಗುಲಿತೇ ಇಲ್ಲವೇ ಎಂದು ದಾಳ ಹೇಳುತ್ತದೆ. ಒಳ್ಳೆಯ ನಿಯಮಗಳಲ್ಲಿ ಎಷ್ಟು ಜನ ಸತ್ತರು ಎನ್ನುವುದಕ್ಕಿಂತ ಉಳಿದವರ ಎದೆ ಗಟ್ಟಿಯಾಗಿದೆಯೇ ಎಂಬ ಲೆಕ್ಕಕ್ಕೇ ಹೆಚ್ಚು ತೂಕ. ಯುದ್ಧಗಳು ಹೆಚ್ಚಾಗಿ ಮುಗಿಯುವುದು ಒಂದು ಕಡೆಯವರು ಓಡಿದಾಗ. ಕೊನೆಯ ಆಳು ಸಾಯುವವರೆಗೆ ನಡೆಯುವುದು ಸಿನಿಮಾದಲ್ಲಿ.

ಇದನ್ನು ದೂರದಿಂದ ಆಡುವುದು ಏಕೆ ಕಷ್ಟ? ಚದುರಂಗದ ಪಕ್ಕದಲ್ಲಿಟ್ಟು ನೋಡಿದರೆ ತಿಳಿಯುತ್ತದೆ. ಚದುರಂಗದ ಒಂದು ನಡೆಯನ್ನು ಅಂಚೆ ಕಾರ್ಡಿನ ಮೂಲೆಯಲ್ಲಿ ಬರೆದು ಕಳಿಸಬಹುದು. 1824ರಲ್ಲಿ ಲಂಡನ್ ಮತ್ತು ಎಡಿನ್‌ಬರೊ ಚೆಸ್ ಕ್ಲಬ್ಬುಗಳು ಹಾಗೆ ಪತ್ರದಲ್ಲಿ ಆಡಲು ಶುರು ಮಾಡಿ 1828ರಲ್ಲಿ ಮುಗಿಸಿದವು, ಎಡಿನ್‌ಬರೊ ಗೆದ್ದಿತು. 1945ರಲ್ಲಿ ಅಮೆರಿಕ ಮತ್ತು ಸೋವಿಯತ್ ಆಟಗಾರರು ರೇಡಿಯೊ ಮೂಲಕ ಆಡಿದರು. ನಮ್ಮ ಹುಲಿಕುರಿಯೂ ಹಾಗೆಯೇ. ಗುಡಿ ಜಗಲಿಯ ಕಲ್ಲಿನಲ್ಲಿ ಕೊರೆದ ಆ ಗೆರೆಗಳು ಕೂಡುವ ಜಾಗಗಳಿಗೆ ನಂಬರು ಕೊಟ್ಟರೆ ಮುಗಿಯಿತು, ಫೋನಿನಲ್ಲೇ ಹುಲಿ ಕಟ್ಟಬಹುದು. ಮನೆಗಳಿರುವ ಆಟ ಮಾತಿನಲ್ಲಿ ಪ್ರಯಾಣ ಮಾಡುತ್ತದೆ.

ಮಿನಿಯೇಚರ್ ಮೇಜಿನಲ್ಲಿ ಮನೆಗಳೇ ಇಲ್ಲ. ಕುದುರೆ ತುಕಡಿ ಕೆರೆ ಏರಿಯಿಂದ ಎರಡೂವರೆ ಇಂಚು ಈಚೆ, ಮುಖ ಸ್ವಲ್ಪ ಬಲಕ್ಕೆ ತಿರುಗಿಸಿಕೊಂಡು ನಿಂತಿದೆ. ಆ ‘ಸ್ವಲ್ಪ’ದಲ್ಲೇ ಗೆಲುವು ಸೋಲು ಇರುತ್ತದೆ. ಎದುರಿನ ತೋಪು ಅದಕ್ಕೆ ಕಾಣುತ್ತದೆಯೋ, ನಡುವೆ ತೆಂಗಿನ ತೋಟ ಅಡ್ಡ ಬರುತ್ತದೆಯೋ? ಮೇಜಿನ ಪಕ್ಕ ನಿಂತವನು ಬಗ್ಗಿ, ಒಂದು ಕಣ್ಣು ಮುಚ್ಚಿ ನೋಡಿ ತೀರ್ಮಾನಿಸುತ್ತಾನೆ. ಕ್ಯಾಲಿಫೋರ್ನಿಯಾದವನು ಬಗ್ಗಿದರೆ ಕಾಣುವುದು ಅವನದೇ ಲ್ಯಾಪ್‌ಟಾಪಿನ ಅಂಚು. ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಅವನ ಸೈನ್ಯವನ್ನು ಮುಟ್ಟಿ ಸರಿಸುವ ಕೈ ಗುಬ್ಬಿಯವನದು, ಅಂದರೆ ಎಷ್ಟೋ ಸಲ ಎದುರಾಳಿಯದೇ.

ಈ ತೊಡಕುಗಳಿಗೆ ಜನ ಉಪಾಯ ಕಂಡುಕೊಂಡದ್ದು ಬಹುಪಾಲು 2020ರಲ್ಲಿ. ಆ ವರ್ಷ ಮಾರ್ಚ್ 25ರಿಂದ ಇಡೀ ದೇಶ ಬಾಗಿಲು ಹಾಕಿಕೊಂಡಿತು. ಹೊರದೇಶಗಳ ವಾರ್‌ಗೇಮ್ ಕ್ಲಬ್ಬುಗಳಿಗೂ ಬೀಗ ಬಿತ್ತು. ಮನೆಯಲ್ಲಿ ಮೇಜು ಇದ್ದವರು ಅದರ ಮೇಲೆ ಫೋನು ತೂಗುಹಾಕಿ ಗೆಳೆಯರನ್ನು ಕರೆದರು. ಎಲ್ಲರೂ ಮೊದಲು ಕಲಿತ ಪಾಠ, ಒಂದು ಕ್ಯಾಮೆರಾ ಸಾಲದು. ಮೇಜಿನ ನೆತ್ತಿಯ ಮೇಲೆ ಒಂದು ಬೇಕು, ಭೂಪಟದ ಹಾಗೆ ಇಡೀ ರಣರಂಗ ಕಾಣಲು. ಮೇಜಿನ ಅಂಚಿನಲ್ಲಿ, ಗೊಂಬೆಗಳ ಕಣ್ಣಿನ ಎತ್ತರದಲ್ಲಿ, ಸರಿಸಿಕೊಂಡು ಹೋಗುವಂಥದು ಇನ್ನೊಂದು. ಯಾರಿಗೆ ಯಾರು ಕಾಣುತ್ತಾರೆ ಎಂಬ ಜಗಳ ತೀರುವುದು ಅದರಿಂದಲೇ. ರೀಲ್ಸ್ ಹುಚ್ಚಿನ ಪುಣ್ಯದಿಂದ ಫೋನ್ ನಿಲ್ಲಿಸುವ ಸ್ಟ್ಯಾಂಡು ಈಗ ಯಾವ ಪೇಟೆಯಲ್ಲಾದರೂ ಸಿಗುತ್ತದೆ. ಒಂದೇ ಕೋಣೆಯಿಂದ ಎರಡು ಫೋನು, ಒಂದು ಲ್ಯಾಪ್‌ಟಾಪು ಒಂದೇ ಕಾಲ್‌ಗೆ ಸೇರುವುದರಿಂದ ಒಂದರದು ಬಿಟ್ಟು ಮಿಕ್ಕವುಗಳ ಮೈಕು, ಸ್ಪೀಕರು ಎರಡನ್ನೂ ಬಂದ್ ಮಾಡಲೇಬೇಕು. ಮರೆತರೆ ಜಾತ್ರೆ ಮೈಕಿನ ಕೂಗು ಮನೆ ತುಂಬುತ್ತದೆ.

ಎರಡನೇ ಪಾಠ ಬಣ್ಣದ್ದು. ಟಿಪ್ಪುವಿನ ಕಾಲಾಳುಗಳು ತೊಟ್ಟ ಹುಲಿಪಟ್ಟೆಯ ಅಂಗಿಯನ್ನು ಭೂತಗನ್ನಡಿ ಹಿಡಿದು, ಮೂರು ಕೂದಲಿನ ಕುಂಚದಲ್ಲಿ ಬರೆದು ಮುಗಿಸಲು ವಾರಗಟ್ಟಲೆ ಬೇಕು. ವಿಡಿಯೊ ಕಾಲ್ ಅದನ್ನು ಅರೆಕ್ಷಣದಲ್ಲಿ ಕಲಸಿಬಿಡುತ್ತದೆ. ದತ್ತಾಂಶ ಉಳಿಸಲು ಚಿತ್ರವನ್ನು ಹಿಂಡುವ ತಂತ್ರಕ್ಕೆ ಸಣ್ಣ ಗೆರೆ, ಹತ್ತಿರ ಹತ್ತಿರದ ಬಣ್ಣ ಎಂದರೆ ಬಿಸಾಡಬಹುದಾದ ಸರಕು. ಹಾಗಾಗಿ ಪ್ರತಿ ತುಕಡಿ ನಿಂತ ಪಟ್ಟಿಯ ಅಂಚಿಗೆ ಗಾಢ ಬಣ್ಣ ಬಳಿದು, ಪಕ್ಕದಲ್ಲಿ ದಪ್ಪ ಅಂಕಿ ಅಂಟಿಸಬೇಕಾಗುತ್ತದೆ. ಕಲಾವಿದನ ಹೊಟ್ಟೆ ಉರಿಯುತ್ತದೆ, ಆಟ ನಡೆಯುತ್ತದೆ. ಅಂಕಿ ಇಲ್ಲದಿದ್ದರೆ ಇಡೀ ಸಂಜೆ “ಲೋ, ಆ ಕೆಂಪು ಕೋಟಿನವರು ಕಣೋ”, “ಯಾವ ಕೆಂಪು ಕೋಟು ಗುರೂ, ಇಲ್ಲಿ ಎಲ್ಲಾ ಮಣ್ಣಿನ ಬಣ್ಣ ಕಾಣ್ತಿದೆ” ಎಂಬುದರಲ್ಲೇ ಕಳೆದುಹೋಗುತ್ತದೆ.

ಅಳತೆಯ ಸಮಸ್ಯೆಗೆ ಕೆಲವರು ಮೇಜಿನ ಬಟ್ಟೆಯ ಮೇಲೆ ನಾಲ್ಕಿಂಚಿಗೊಂದರಂತೆ ಮಂಕು ಚುಕ್ಕಿ ಇಡುತ್ತಾರೆ. ಉದ್ದಕ್ಕೆ ಅಂಕಿ, ಅಡ್ಡಕ್ಕೆ ಅಕ್ಷರ. ‘ಗ–4ಕ್ಕೆ ಕುದುರೆ’ ಎಂದರೆ ಮುಗಿಯಿತು. ರಂಗೋಲಿ ಚುಕ್ಕಿಯ ಲೆಕ್ಕ ಬಲ್ಲ ಕೈಗೆ ಇದು ಅರ್ಧ ಗಂಟೆಯ ಕೆಲಸ. ನನಗೆ ಹೆಚ್ಚು ಹಿಡಿಸುವುದು ಇನ್ನೊಂದು ದಾರಿ: ಮೇಜಿನ ಮೇಲಿನ ಪ್ರತಿ ಜಾಗಕ್ಕೂ ಹೆಸರಿಡುವುದು. ಹುಣಸೆಮರ, ಹಳೇ ಕಟ್ಟೆ, ಒಡ್ಡು, ಮಾರಮ್ಮನ ಗುಡಿ. ದೂರದ ಸೇನಾಪತಿ ಆಗ ಇಂಚಿನಲ್ಲಿ ಮಾತಾಡುವುದಿಲ್ಲ, “ಹುಣಸೆಮರದ ಹಿಂದೆ ನಿಲ್ಲಿಸಿ, ಒಡ್ಡು ದಾಟಬೇಡಿ” ಎಂದು ಅಪ್ಪಣೆ ಕೊಡುತ್ತಾನೆ. ನಿಜವಾದ ಸೇನಾಪತಿಗಳು ಕೊಡುತ್ತಿದ್ದದ್ದೂ ಅಂಥ ಅಪ್ಪಣೆಯನ್ನೇ.

ದಾಳದ ವಿಷಯದಲ್ಲಿ ನಂಬಿಕೆಯೇ ನಿಯಮ. ಪ್ರತಿಯೊಬ್ಬನೂ ತನ್ನ ಮನೆಯಲ್ಲಿ ತನ್ನ ದಾಳ ಉರುಳಿಸಿ ಬಿದ್ದದ್ದನ್ನು ಹೇಳುತ್ತಾನೆ. ದಾಳ ಉರುಳಿಸಿಕೊಡುವ ಆ್ಯಪುಗಳು ಇವೆ, ಆದರೆ ಅಂಗೈಯಲ್ಲಿ ಕುಲುಕದ ದಾಳ ಯಾವ ದಾಳ? ಸುಳ್ಳು ಹೇಳುವವನ ಜೊತೆ ಶನಿವಾರ ರಾತ್ರಿ ಕಳೆಯುವ ಅಗತ್ಯವೂ ಯಾರಿಗೂ ಇಲ್ಲ.

ನೆಟ್ ಕೈಕೊಡುವುದು, ಕರೆಂಟ್ ಹೋಗುವುದು ಇದ್ದದ್ದೇ. 2020ರ ಆನ್‌ಲೈನ್ ಚೆಸ್ ಒಲಿಂಪಿಯಾಡಿನ ಫೈನಲ್‌ನಲ್ಲಿ ಇಂಟರ್ನೆಟ್ ಅಡಚಣೆಯಿಂದ ಭಾರತದ ಇಬ್ಬರು ಆಟಗಾರರ ಸಂಪರ್ಕ ತಪ್ಪಿ, ಕೊನೆಗೆ ಭಾರತ, ರಷ್ಯಾ ಎರಡನ್ನೂ ಜಂಟಿ ವಿಜೇತರೆಂದು ಸಾರಬೇಕಾಯಿತು. ನಮ್ಮ ಆಟಕ್ಕೆ ಗಡಿಯಾರವಿಲ್ಲ, ಹಾಗಾಗಿ ಅಂಥ ರಾದ್ಧಾಂತವಿಲ್ಲ. ಫೋಟೊ ಹಿಡಿದಿಟ್ಟು ಮುಂದಿನ ವಾರ ಅಲ್ಲಿಂದಲೇ ಹಿಡಿಯಬಹುದು. ಜೂಮ್‌ನ ಪುಕ್ಕಟೆ ಕಾಲ್ ನಲವತ್ತು ನಿಮಿಷಕ್ಕೆ ಕಡಿದುಬೀಳುತ್ತದಲ್ಲ, ಅದನ್ನೂ ಉಪಯೋಗಕ್ಕೆ ಹಚ್ಚಬಹುದು: ನಲವತ್ತು ನಿಮಿಷಕ್ಕೆ ಎರಡು ಸರದಿ, ಆಮೇಲೆ ಕಾಫಿ.

ಇಷ್ಟೆಲ್ಲ ಪರದಾಟ ಏಕೆ, ಕಂಪ್ಯೂಟರಿನಲ್ಲೇ ಆಡಬಹುದಲ್ಲ ಎಂದು ಕೇಳುವವರಿದ್ದಾರೆ. ಆಡಬಹುದು. ವಸ್ಸಾಲ್ ಎಂಬ ಪುಕ್ಕಟೆ ತಂತ್ರಾಂಶವಿದೆ, ಟೇಬಲ್‌ಟಾಪ್ ಸಿಮ್ಯುಲೇಟರ್ ಇದೆ. ಅಲ್ಲಿ ಅಳತೆ, ನೋಟ, ದಾಳ ಎಲ್ಲ ಯಂತ್ರದ ಜವಾಬ್ದಾರಿ. ಆದರೆ ಕೈಯಾರೆ ಬಣ್ಣ ಹಚ್ಚಿದ ಗೊಂಬೆ, ಅದು ನಿಂತ ಮಣ್ಣು, ಗೆಳೆಯ ಅದನ್ನು ಎತ್ತಿ ಮುಂದಿಡುವಾಗ ಕ್ಯಾಮೆರಾದಲ್ಲಿ ಹಾದುಹೋಗುವ ಅವನ ಉಂಗುರದ ಬೆರಳು ಅಲ್ಲಿಲ್ಲ.

ಹಾಗಿದ್ದರೂ ವಿಡಿಯೊ ಕಾಲ್ ಆಟ ನಿಜವಾದ ಆಟಕ್ಕೆ ಬದಲಿ ಮಾತ್ರ, ಗತ್ಯಂತರವಿಲ್ಲದೆ ಆಡುವುದು ಎಂಬ ಮಾತು ಹವ್ಯಾಸಿಗಳ ನಡುವೆಯೇ ಇದೆ. ನಾನು ಒಪ್ಪುವುದಿಲ್ಲ. ಈ ಆಟದ ಮೂಲಪುರುಷರು ದೂರವನ್ನೂ ಕಾಣದಿರುವುದನ್ನೂ ಆಟದ ತಿರುಳನ್ನಾಗಿಯೇ ಇಟ್ಟಿದ್ದರು. ಗೆಳೆಯರೆಲ್ಲ ಮೇಜಿನ ಸುತ್ತ ನಿಂತು ಇಡೀ ರಣರಂಗವನ್ನು ದೇವರ ಹಾಗೆ ಮೇಲಿನಿಂದ ನೋಡುವ ಪದ್ಧತಿ ಆಮೇಲೆ ಬಂದ ಅನುಕೂಲ.

ಪ್ರಷ್ಯದ ರೈಸ್‌ವಿಟ್ಸ್ ಎಂಬಾತ 1812ರಲ್ಲಿ ತನ್ನ ದೊರೆ ಮೂರನೇ ಫ್ರೆಡ್ರಿಕ್ ವಿಲ್ಹೆಲ್ಮನಿಗೆ ಒಂದು ಯುದ್ಧದಾಟದ ಮೇಜು ಮಾಡಿಕೊಟ್ಟ. ಡ್ರಾಯರುಗಳ ತುಂಬ ಬೆಟ್ಟ, ಹೊಳೆ, ಊರುಗಳ ತುಂಡುಗಳು; ಜೋಡಿಸಿದಂತೆ ನೆಲ ಬದಲಾಗುತ್ತಿತ್ತು. ಸೈನ್ಯದ ಅಧಿಕಾರಿಯಾಗಿದ್ದ ಅವನ ಮಗ 1824ರಲ್ಲಿ ಆ ಚಂದದ ಮೇಜನ್ನು ಬದಿಗಿಟ್ಟು, ಎಂಟು ಸಾವಿರಕ್ಕೆ ಒಂದರ ಅಳತೆಯ ಭೂಪಟಗಳ ಮೇಲೆ ಆಡುವ ನಿಯಮ ಬರೆದ. ಒಂದು ಸರದಿ ಎಂದರೆ ಯುದ್ಧದ ಎರಡು ನಿಮಿಷ. ಆ ಆಟದ ಜೀವ ಇದ್ದದ್ದು ಅಂಪೈರಿನಲ್ಲಿ. ಎರಡೂ ಪಕ್ಷದವರು ಅವನಿಗೆ ಚೀಟಿ ಬರೆದು ಅಪ್ಪಣೆ ಕೊಡಬೇಕು. ಅವರವರ ತುಕಡಿಗಳ ಕಣ್ಣಿಗೆ ಬೀಳುವಷ್ಟನ್ನು ಮಾತ್ರ ಅವನು ಭೂಪಟದ ಮೇಲೆ ತೋರಿಸುತ್ತಾನೆ. ಗುಡ್ಡದಾಚೆ ಏನಿದೆ ಎಂದು ತಿಳಿಯಬೇಕಾದರೆ ಸವಾರರನ್ನು ಕಳಿಸಿ, ಅವರು ಹಿಂತಿರುಗುವವರೆಗೆ ಕಾಯಬೇಕು. ಪ್ರಷ್ಯದ ದಂಡಿನ ದೊಡ್ಡ ಅಧಿಕಾರಿ ಮ್ಯೂಫ್ಲಿಂಗ್ ಮೊದಲು ಅಷ್ಟೇನೂ ಉತ್ಸಾಹವಿಲ್ಲದೆ ನೋಡಲು ಕೂತು, ಕೊನೆಗೆ ಇದು ಆಟವಲ್ಲ, ಯುದ್ಧದ ಪಾಠಶಾಲೆ ಎಂದು ಮೆಚ್ಚಿ, ಇಡೀ ಸೈನ್ಯಕ್ಕೆ ಶಿಫಾರಸು ಮಾಡಿದ. ಮಗ ರೈಸ್‌ವಿಟ್ಸ್‌ಗೆ ಆ ಕೀರ್ತಿ ಒಗ್ಗಲಿಲ್ಲ. 1827ರಲ್ಲಿ ಅವನು ಪ್ರಾಣ ಕಳೆದುಕೊಂಡ.

ಎರಡನೇ ಮಹಾಯುದ್ಧದಲ್ಲಿ ಇದೇ ಉಪಾಯ ಅಟ್ಲಾಂಟಿಕ್ ಸಾಗರದಲ್ಲಿ ಕೆಲಸಕ್ಕೆ ಬಂತು. 1942ರಲ್ಲಿ ಲಿವರ್‌ಪೂಲಿನ ಕಟ್ಟಡವೊಂದರಲ್ಲಿ ಕ್ಯಾಪ್ಟನ್ ಗಿಲ್ಬರ್ಟ್ ರಾಬರ್ಟ್ಸ್ ಮತ್ತು ನೌಕಾಪಡೆಯ ತರುಣಿಯರ ತಂಡ ನೆಲವನ್ನೇ ಸಮುದ್ರ ಮಾಡಿ, ಸಣ್ಣ ಹಡಗುಗಳನ್ನಿಟ್ಟು, ಜರ್ಮನ್ ಜಲಾಂತರ್ಗಾಮಿಗಳನ್ನು ಹಿಡಿಯುವ ಬಗೆಯನ್ನು ಆಡಿ ಆಡಿ ಕಂಡುಹಿಡಿಯಿತು. ತರಬೇತಿಗೆ ಬಂದ ಹಡಗಿನ ಅಧಿಕಾರಿಗಳನ್ನು ಕ್ಯಾನ್ವಾಸ್ ಪರದೆಯ ಹಿಂದೆ ನಿಲ್ಲಿಸುತ್ತಿದ್ದರು. ಪರದೆಯಲ್ಲಿ ಕಿಂಡಿ. ಹಡಗಿನ ಮೇಲಿಂದ ಎಷ್ಟು ಕಾಣಬಹುದೋ ಅಷ್ಟೇ ಆ ಕಿಂಡಿಯಲ್ಲಿ ಕಾಣಬೇಕು. ಇಂದಿನ ಫೋನ್ ಕ್ಯಾಮೆರಾ ಪುಕ್ಕಟೆಯಾಗಿ ಮಾಡಿಕೊಡುವುದು ಆ ಕಿಂಡಿಯ ಕೆಲಸವನ್ನೇ.

ಆದ್ದರಿಂದ ವಿಡಿಯೊ ಕಾಲ್‌ನಲ್ಲಿ ಎಲ್ಲರಿಗೂ ಎಲ್ಲವನ್ನೂ ತೋರಿಸಲು ಹೆಣಗುವುದನ್ನು ನಿಲ್ಲಿಸಿದ ದಿನ ಆಟ ಬೇರೆಯೇ ಆಗುತ್ತದೆ. ನೆತ್ತಿಯ ಕ್ಯಾಮೆರಾ ಅಂಪೈರಿಗಷ್ಟೇ ಇರಲಿ. ಆಟಗಾರನಿಗೆ ಅವನ ತುಕಡಿಯ ಹೆಗಲ ಮೇಲಿಂದ ತೆಗೆದ ಒಂದು ಫೋಟೊ ವಾಟ್ಸ್‌ಆ್ಯಪಿನಲ್ಲಿ ಹೋಗಲಿ. ಅದರಲ್ಲಿ ದೂಳು, ಒಂದು ಬಂಡೆ, ಬಂಡೆಯ ಪಕ್ಕ ಯಾವುದೋ ಬಾವುಟದ ತುದಿ. ಯಾರದು? ಅವನೇ ಊಹಿಸಬೇಕು. ಎದುರಾಳಿಯ ಕೈ ತನ್ನ ಸೈನ್ಯವನ್ನು ಸರಿಸುವ ತೊಡಕೂ ಆಗ ಇರುವುದಿಲ್ಲ. ಮೇಜಿನ ಮಾಲೀಕ ಯಾವ ಪಕ್ಷಕ್ಕೂ ಸೇರದ ಅಂಪೈರ್ ಆಗಿರುತ್ತಾನೆ.

ನಮ್ಮ ಸೀಮೆಯ ಯುದ್ಧಗಳಿಗೆ ಈ ಕ್ರಮ ಎಷ್ಟು ಹೊಂದುತ್ತದೆಂದು ನೋಡಲು 1791ರ ಮೇ ತಿಂಗಳಿಗೆ ಹೋಗಬೇಕು. ಮೇ 15ರಂದು ಅರಕೆರೆಯ ಬಳಿ ಕಾದಾಡಿ ಗೆದ್ದ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಎದುರು ಬಂದು ನಿಂತ, ಆದರೆ ಮುತ್ತಿಗೆ ಹಾಕುವ ಶಕ್ತಿ ಉಳಿದಿರಲಿಲ್ಲ. ಮಳೆ, ಮೇವಿಲ್ಲ, ತೋಪು ಎಳೆಯುವ ಎತ್ತುಗಳು ಸಾಲುಸಾಲಾಗಿ ಸಾಯುತ್ತಿದ್ದವು. ಕೊನೆಗೆ ತನ್ನ ದೊಡ್ಡ ಮುತ್ತಿಗೆ ತೋಪುಗಳನ್ನು ತಾನೇ ಒಡೆಸಿ ಹಿಂದೆ ಹೊರಟ. ದಾರಿಯಲ್ಲಿ ಕುದುರೆ ದಂಡೊಂದು ಎದುರಾಯಿತು. ಟಿಪ್ಪುವಿನವರೆಂದು ಗುಂಡು ಹಾರಿಸಿದರೆ, ಅವರು ಕಾರ್ನ್‌ವಾಲಿಸ್ ಅಷ್ಟು ದಿನದಿಂದ ದಾರಿ ಕಾಯುತ್ತಿದ್ದ ಮರಾಠರು! ದವಸ, ದನ ಎಲ್ಲ ಅವರ ಬೆನ್ನಿಗಿತ್ತು. ಅವರು ಅಷ್ಟು ಹತ್ತಿರ ಬಂದಿದ್ದರೂ ಸುದ್ದಿ ಅವನಿಗೆ ಮುಟ್ಟಿರಲಿಲ್ಲ, ಏಕೆಂದರೆ ಟಿಪ್ಪುವಿನ ಹಗುರ ಸವಾರರು ನಡುವಿನ ಹರಿಕಾರರನ್ನೆಲ್ಲ ಹಿಡಿದುಹಾಕುತ್ತಿದ್ದರು. ಕೆಲವೇ ದಿನ ಮೊದಲು ಒಂದು ಚೀಟಿ ತಲುಪಿದ್ದರೆ ತೋಪುಗಳು ಉಳಿಯುತ್ತಿದ್ದವು. ಎಲ್ಲರೂ ಎಲ್ಲವನ್ನೂ ನೋಡುವ ಮೇಜಿನ ಮೇಲೆ ಈ ಪ್ರಸಂಗವನ್ನು ಆಡಲು ಸಾಧ್ಯವೇ ಇಲ್ಲ. ಮರಾಠರ ಪಾತ್ರದವನು ಪುಣೆಯಲ್ಲಿ ಕೂತಿದ್ದು, ಅವನ ಪತ್ರವನ್ನು ಗುಬ್ಬಿಯ ಅಂಪೈರ್ ದಾಳ ಹಾಕಿ ತಡೆಹಿಡಿದರೆ ಮಾತ್ರ ಸಾಧ್ಯ.

ಡಿಸೆಂಬರ್‌ನ ಕೋಟೆಗಳದು ಬೇರೆ ಕಥೆ. ಎರಡನೇ ಸಲ ಹೊರಡುವ ಮೊದಲು ಕಾರ್ನ್‌ವಾಲಿಸ್ ಬೆನ್ನ ಹಿಂದಿನ ದುರ್ಗಗಳನ್ನು ಒಂದೊಂದಾಗಿ ತೆಗೆಯಲು ನಿಶ್ಚಯಿಸಿದ. ಅಕ್ಟೋಬರ್‌ನಲ್ಲಿ ನಂದಿದುರ್ಗ ಬಿತ್ತು. ಆಮೇಲೆ ಸಾವನದುರ್ಗ. ಸುತ್ತ ದಟ್ಟ ಬಿದಿರು ಕಾಡು, ಜ್ವರದ ಹವೆ, ನೆಟ್ಟಗೆ ನಿಂತ ಏಕಶಿಲೆ. ಮುತ್ತಿದವರಲ್ಲಿ ಅರ್ಧ ಜನ ಜ್ವರದಿಂದ, ಉಳಿದರ್ಧ ಕೋಟೆಯಿಂದ ಸಾಯುತ್ತಾರೆಂದು ಟಿಪ್ಪು ನೆಚ್ಚಿಕೊಂಡಿದ್ದ ಎಂದು ಇಂಗ್ಲಿಷ್ ಇತಿಹಾಸಕಾರರು ಬರೆದಿದ್ದಾರೆ. ಕರ್ನಲ್ ಸ್ಟುವರ್ಟನ ದಳ ಕಾಡು ಕಡಿದು ತೋಪು ಎಳೆದು ತಂದು, ಡಿಸೆಂಬರ್ 17ರಿಂದ ಗೋಡೆ ಒಡೆಯತೊಡಗಿತು. 21ರಂದು ಹತ್ತಿದಾಗ ಕಾವಲಿನವರು ಬೆದರಿ ಓಡಿದರು; ಹತ್ತಿದವರ ಕಡೆ ನಷ್ಟ ಇಲ್ಲವೆನ್ನುವಷ್ಟು ಕಡಿಮೆ. ಆ ಸುದ್ದಿ ಮುಟ್ಟಿದ ಮೇಲೆ ಹುತ್ರಿದುರ್ಗದವರ ಎದೆ ನಿಲ್ಲಲಿಲ್ಲ. ಸುತ್ತುಗೋಡೆಯ ಮೇಲೆ ಸುತ್ತುಗೋಡೆ ಇದ್ದರೂ 24ರಂದು ಒಂದೇ ಏಟಿಗೆ ಹೋಯಿತು.

ಹೀಗೆ ಏಕಪಕ್ಷೀಯವಾಗಿ ನಡೆದದ್ದನ್ನು ಆಡಿದರೆ ಏನು ಸೊಗಸು? ಆಟ ಹೆಣೆಯುವವನ ಜಾಣತನ ಇಲ್ಲಿ ಬೇಕು. ಕೋಟೆ ಬೀಳುತ್ತದೆಯೋ ಇಲ್ಲವೋ ಎಂದು ಕೇಳಬಾರದು, ಯಾವ ತಾರೀಕಿಗೆ ಬೀಳುತ್ತದೆ ಎಂದು ಕೇಳಬೇಕು. ಸಾವನದುರ್ಗ 30ರವರೆಗೆ ತಡೆದರೆ ಕಿಲ್ಲೇದಾರ ಗೆದ್ದಂತೆ. ಇಂಗ್ಲಿಷರ ಕಡೆಯ ಆಟಗಾರನಿಗೆ ಎತ್ತುಗಳ ಲೆಕ್ಕ ಕೊಡಬೇಕು: ಕಾಡಿನಲ್ಲಿ ದಿನಕ್ಕೆ ಇಷ್ಟು ಸಾಯುತ್ತವೆ, ಎತ್ತು ಸತ್ತರೆ ತೋಪು ನಿಂತಲ್ಲೇ ನಿಲ್ಲುತ್ತದೆ. ಮೈಸೂರಿನವರ ಕೈಯಲ್ಲಿ ಅಮೃತಮಹಲಿನ ಎತ್ತುಗಳಿದ್ದವು. ಒಡೆಯರ ಕಾಲದ ಬೆಣ್ಣೆ ಚಾವಡಿಯ ದನಗಳನ್ನು ಹೈದರ್ ಮತ್ತು ಟಿಪ್ಪು ದಂಡಿನ ಸಾಗಣೆಗೆ ಹದಗೊಳಿಸಿದ ತಳಿ ಅದು. ಅವುಗಳ ಕಾವಲುಗಳು ನಮ್ಮ ತುಮಕೂರು ಜಿಲ್ಲೆಯಲ್ಲೂ ಇದ್ದವು. ಕುದುರೆಯ ಮಾತು ಬಂದರೆ ಕುಣಿಗಲ್ಲೇ ಇದೆ. ಅಲ್ಲಿನ ಸ್ಟಡ್ ಫಾರ್ಮಿನ ಹುಟ್ಟನ್ನು ಟಿಪ್ಪುವಿನ ಅಶ್ವದಳಕ್ಕೆ ಜೋಡಿಸಿ ಹೇಳುವುದು ಊರಿನ ರೂಢಿ. ಬಾಣ, ಅಂದರೆ ಮೈಸೂರಿನ ರಾಕೆಟ್ಟಿಗೆ ಬೇರೆ ನಿಯಮ ಬೇಕು. ಕಬ್ಬಿಣದ ಕೊಳವೆಯಲ್ಲಿ ಮದ್ದು ತುಂಬಿ ಹಾರಿಸುತ್ತಿದ್ದ ಅವು ಎತ್ತ ಹೋಗುತ್ತವೆಂದು ಹಾರಿಸಿದವನಿಗೂ ಖಾತ್ರಿಯಿರಲಿಲ್ಲ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಹಾಳು ಬಾವಿಯೊಂದರಿಂದ ಸಾವಿರಕ್ಕೂ ಹೆಚ್ಚು ಸಿಕ್ಕವು. ಮೇಜಿನ ಮೇಲೆ ರಾಕೆಟ್ಟಿನ ದಿಕ್ಕನ್ನು ದಾಳವೇ ಹೇಳಬೇಕು. ಒಮ್ಮೊಮ್ಮೆ ಸ್ವಂತ ಕುದುರೆಗಳೇ ಬೆದರಿ ಓಡಬೇಕು.

ದೂರದ ಆಟದ ರುಚಿ ಹತ್ತುವುದು ಹುತ್ರಿದುರ್ಗದ ಕಿಲ್ಲೇದಾರನಾದವನಿಗೆ. ಅವನು ಕ್ಯಾಲಿಫೋರ್ನಿಯಾದಲ್ಲಿ ಕಾಫಿ ಹಿಡಿದು ಕೂತಿದ್ದಾನೆ. ಮೊದಲ ಒಂದು ಗಂಟೆ ಅವನಿಗೆ ಮೇಜೇ ಕಾಣುವುದಿಲ್ಲ. ಪೂರ್ವದಿಂದ ತೋಪಿನ ಸದ್ದು ಕೇಳಿಬಂತು ಎಂದು ಅಂಪೈರಿನ ಒಂದು ಸಾಲು. ಆಮೇಲೆ ಮೌನ. ಆಮೇಲೆ ಸಾವನದುರ್ಗದಿಂದ ತಪ್ಪಿಸಿಕೊಂಡು ಬಂದ ನಾಲ್ವರು; ಒಬ್ಬೊಬ್ಬರದು ಒಂದೊಂದು ಕಥೆ. ಬೆಳಗಾಗುವ ಮೊದಲು ಅವನು ಬರೆಯಬೇಕು: ಶರಣಾಗುವುದೋ, ಬಾಗಿಲು ಮುಚ್ಚುವುದೋ, ರಾತ್ರೋರಾತ್ರಿ ಜನರನ್ನು ಕರೆದುಕೊಂಡು ಪಟ್ಟಣದ ದಾರಿ ಹಿಡಿಯುವುದೋ? ಶಾಲೆಯ ಇತಿಹಾಸ ಪುಸ್ತಕದಲ್ಲಿ ‘ಹುತ್ರಿದುರ್ಗ ಸುಲಭವಾಗಿ ಬಿತ್ತು’ ಎಂದಿದ್ದರೆ ಅದನ್ನು ಓದಿ ಮುಂದೆ ಹೋಗುತ್ತೇವೆ. ಆ ಚೀಟಿ ಬರೆಯಬೇಕಾಗಿ ಬಂದವನು ಹಾಗೆ ಮುಂದೆ ಹೋಗುವುದಿಲ್ಲ.

ಟಿಪ್ಪುವಿನ ಹೆಸರೆತ್ತಿದರೆ ಇವತ್ತು ನಮ್ಮಲ್ಲಿ ಆಗುವ ಜಗಳ ಗೊತ್ತಿದ್ದದ್ದೇ. ಮೇಜಿನ ಸುತ್ತ ಒಂದು ಒಳ್ಳೆಯ ರೂಢಿಯಿದೆ: ಒಂದು ಸಲ ಇಂಗ್ಲಿಷರ ಕಡೆ ಆಡಿದವನು ಮುಂದಿನ ಸಲ ಮೈಸೂರಿನ ಕಡೆ ಆಡಬೇಕು. ಆದರೆ ಈ ಹವ್ಯಾಸದ ಬಗ್ಗೆ ನನ್ನದೊಂದು ತಕರಾರೂ ಇದೆ. ಬಹುಪಾಲು ನಿಯಮ ಪುಸ್ತಕಗಳಲ್ಲಿ ರೈತ ಎಂಬವನೇ ಇಲ್ಲ. ಎರಡು ಸೈನ್ಯ ಹಾದುಹೋದ ಹೊಲ, ಕೊಳ್ಳೆಹೋದ ಹಗೇವಿನ ರಾಗಿ, ಕೋಟೆಯ ಬುಡದ ಪೇಟೆ ಬಿಟ್ಟು ಓಡಿದ ಜನ, ಎತ್ತಿನ ಬೆನ್ನ ಮೇಲೆ ಧಾನ್ಯ ಹೇರಿಕೊಂಡು ಎರಡೂ ದಂಡಿಗೆ ಮಾರುತ್ತಿದ್ದ ಲಂಬಾಣಿಗಳು, ಯಾರಿಗೂ ಮೇಜಿನ ಮೇಲೆ ಗೊಂಬೆಯಿಲ್ಲ. ಅವರಿಲ್ಲದಿದ್ದರೆ ಯುದ್ಧ ಚೊಕ್ಕಟವಾಗಿ ಕಾಣುತ್ತದೆ. ನಾವೇ ಆಟ ಹೆಣೆಯುವಾಗಲಾದರೂ ಅವರನ್ನು ಸೇರಿಸಬೇಕು. ಊರು ಸುಟ್ಟ ಸೇನೆಗೆ ಮುಂದಿನ ತಿಂಗಳು ದವಸ ಸಿಗದಂತೆ ನಿಯಮ ಬರೆದರೆ ಆಟಗಾರ ತಾನಾಗಿ ಕೈ ತಡೆಯುತ್ತಾನೆ.

ಖರ್ಚಿನ ಮಾತು. ಲೋಹದ ಅಥವಾ ಪ್ಲಾಸ್ಟಿಕ್ಕಿನ ಈ ಗೊಂಬೆಗಳನ್ನು ಹೊರದೇಶದಿಂದ ತರಿಸಿದರೆ ಸಾಗಣೆ, ಸುಂಕ ಸೇರಿ ಕೈ ಸುಡುತ್ತದೆ. ದಸರೆಗೆ ಕೂರಿಸುವ ಗೊಂಬೆಗಳಲ್ಲಿ ಸಿಪಾಯಿಗಳ ಸಾಲು ಇರುತ್ತದಾದರೂ ಅಳತೆ ದೊಡ್ಡದು, ಆರಡಿ ಮೇಜಿನಲ್ಲಿ ಕಾಲಾಡಿಸಲು ಜಾಗವಿರುವುದಿಲ್ಲ. ಶುರು ಮಾಡುವವರಿಗೆ ಕಾಗದದ ಸಿಪಾಯಿಗಳೇ ವಾಸಿ: ಝೆರಾಕ್ಸ್ ಅಂಗಡಿಯಲ್ಲಿ ದಪ್ಪ ಕಾರ್ಡಿನ ಮೇಲೆ ಕಲರ್ ಪ್ರಿಂಟ್ ಹಾಕಿಸಿ, ಕತ್ತರಿಸಿ ನಿಲ್ಲಿಸಿದರೆ ಕ್ಯಾಮೆರಾಕ್ಕೆ ವ್ಯತ್ಯಾಸವೇ ತಿಳಿಯದು. 1990ರಲ್ಲಿ ಬಂದ ಡಿಬಿಎ ಎಂಬ ಪ್ರಾಚೀನ ಯುದ್ಧಗಳ ನಿಯಮದಲ್ಲಿ ಒಂದು ಪಕ್ಷಕ್ಕೆ ಹನ್ನೆರಡೇ ತುಕಡಿ, ಎರಡಡಿ ಚೌಕದ ಮೇಜು ಸಾಕು. ದೂರದ ಆಟದಲ್ಲಿ ಇನ್ನೂ ಒಂದು ಉಳಿತಾಯವಿದೆ. ಐದು ಜನ ಆಡಿದರೂ ಗೊಂಬೆ ಕೊಳ್ಳಬೇಕಾದವನು ಒಬ್ಬನೇ.

ಯುದ್ಧವನ್ನು ರಂಗಕ್ಕೆ ತರುವುದು ಗುಬ್ಬಿಗೆ ಹೊಸದೂ ಅಲ್ಲ. 1884ರಲ್ಲಿ ಇಲ್ಲಿ ಹುಟ್ಟಿದ ನಾಟಕ ಕಂಪನಿ, ವೀರಣ್ಣನವರ ಕಾಲದಲ್ಲಿ, ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗದ ಮೇಲೆ ನಡೆಸಿತ್ತು. ಯುದ್ಧವನ್ನು ಹಾಸಿನ ಮೇಲೆ ಆಡುವುದು ಮೈಸೂರಿಗೂ ಹೊಸದಲ್ಲ. ಶ್ರೀರಂಗಪಟ್ಟಣ ಬಿದ್ದ 1799ರಲ್ಲಿ, ಐದು ತುಂಬುವ ಮೊದಲೇ ಸಿಂಹಾಸನವೇರಿದ ಮುಮ್ಮಡಿ ಕೃಷ್ಣರಾಜ ಒಡೆಯರು ದಂಡು ನಡೆಸುವ ಕಾಲ ಮುಗಿದಿತ್ತು. ಅವರು ಬೆಳೆದು ಚದುರಂಗದ ಕುದುರೆ ನಡಿಗೆಯ ಒಗಟುಗಳನ್ನೂ ಹೊಸ ಹೊಸ ಹಾಸಿನ ಆಟಗಳನ್ನೂ ಕಟ್ಟಿದರು.

ಮೂರನೇ ಮೈಸೂರು ಯುದ್ಧದಿಂದ ಮೇಜಿಗೆ ಬರಬೇಕಾದ ಮುಂದಿನದು 1792ರ ಫೆಬ್ರುವರಿ 6ರ ರಾತ್ರಿ. ಅಂದು ಕಾರ್ನ್‌ವಾಲಿಸ್ ತೋಪುಗಳಿಲ್ಲದೆ, ಬೆಳುದಿಂಗಳಲ್ಲಿ, ಮೂರು ದಳ ಮಾಡಿಕೊಂಡು ಶ್ರೀರಂಗಪಟ್ಟಣದ ಹೊರ ಸಾಲುಗಳ ಮೇಲೆ ಬಿದ್ದ. ಎಡದ ದಳದ ಮ್ಯಾಕ್ಸ್‌ವೆಲ್ ಕರಿಘಟ್ಟ ಹಿಡಿದ. ನಡುವಿನದು ಸ್ವತಃ ಕಾರ್ನ್‌ವಾಲಿಸನದು. ಬಲದ ದಳ ನಡೆಸಿದ ಮೆಡೋಸ್ ಈದ್ಗಾ ಕೊತ್ತಲ ಹಿಡಿದು, ಆಮೇಲೆ ತನ್ನ ಸೇನಾಪತಿಯನ್ನು ಹುಡುಕುತ್ತ ಹೊರಟವನು ಅವನನ್ನು ದಾಟಿಕೊಂಡು ಎಲ್ಲೋ ಹೋಗಿ, ಇಬ್ಬರೂ ಮತ್ತೆ ಸೇರಿದ್ದು ಬೆಳಕು ಹರಿದ ಮೇಲೆ. ಇದನ್ನು ಆಡಲು ಮೂರು ಬೇರೆ ಬೇರೆ ಕಾಲ್, ಮೂರು ಫೋನು, ಅಂಪೈರಿಗೆ ಚೀಟಿ ಸಾಗಿಸಲು ಇಬ್ಬರು ಸಹಾಯಕರು, ಆರಡಿಯ ಬದಲು ಎಂಟಡಿ ಮೇಜು ಬೇಕು. ಮೆಡೋಸ್ ಪಾತ್ರಕ್ಕೆ ಮಾತ್ರ ಈ ಯುದ್ಧದ ಬಗ್ಗೆ ಏನೂ ಓದದವನನ್ನೇ ಹುಡುಕಬೇಕು.